ಗೋಧಿಗೆ ನೀರು ಬಿಟ್ಟ ಕೈ

ಸತ್ತವರು ಒಡ್ಡು ತೆಗೆಯುವುದಿಲ್ಲ. ಇಷ್ಟು ಸಣ್ಣ ಮಾತನ್ನು ಕೆಂಭಾವಿ ಕಡೆಯ ಹಳ್ಳಿಗಳಲ್ಲಿ ಹೇಳಿ ನೋಡಿ, ದೆವ್ವ ಬಡಿದದ್ದು ನಿಮಗೇ ಎನ್ನುವಂತೆ ನೋಡುತ್ತಾರೆ. ಅಲ್ಲಿ ಓಡಾಡುವ ಕಥೆ ಹೀಗಿದೆ: ನೀರಗಂಟಿ ನಿಂಗಪ್ಪ ಕಾಲುವೆಯಲ್ಲಿ ಬಿದ್ದು ಸತ್ತ. ಮುಂದಿನ ಎಳ್ಳಮಾಸಿಗೆ, ಊರಲ್ಲಿ ಯಾರೂ ಹೊಲಕ್ಕೆ ಕಬ್ಬಿಣ ಮುಟ್ಟಿಸದ ದಿನ, ತಾನೇ ಎದ್ದು ಬಂದು ಹೆಂಡತಿಯ ಗೋಧಿಗೆ ನೀರು ಬಿಟ್ಟು ಹೋದ. ಬೆಳೆ ಉಳಿಯಿತು. ಅದಕ್ಕೇ ಆ ಹೊಲದ ತಂಟೆಗೆ ಯಾರೂ ಹೋಗುವುದಿಲ್ಲ.

ಈ ಜನವರಿಯಲ್ಲಿ ಶಹಾಪುರದಿಂದ ಕೆಂಭಾವಿಗೆ ಹೋಗುವ ಬಸ್ಸಿನಲ್ಲಿ ಇದೇ ಕಥೆ ಮತ್ತೆ ಕಿವಿಗೆ ಬಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು.

“ಸಲಿಕಿನೂ ಮುಟ್ಟಿಲ್ಲಂತ. ಬರೀ ಕೈಲೆ ಒಡ್ಡು ತಗದಾನಂತ.”

“ಹೇಣ್ತಿ ಮ್ಯಾಲ ಎಷ್ಟು ಜೀವ ನೋಡ ಅವನದು.”

“ನಮ್ಮಾಂವ ಜೀವ ಇದ್ದಾಗೇ ಒಂದು ಕೊಡ ನೀರು ತರಂಗಿಲ್ಲ. ಸತ್ತ ಮ್ಯಾಲರ ತರ್ತಾನೋ ಏನೋ!”

ನನಗೆ ನಗು ತಡೆಯಲಿಲ್ಲ. ಹಾಗೆಂದಾಕೆ ತಿರುಗಿದಳು. “ಏನ್ ತಂಗಿ, ಸುಳ್ಳ ಅಂತಿ ಏನ?”

“ನಾ ಆ ವರ್ಷ ಆ ಮನ್ಯಾಗೇ ಇದ್ದೆ” ಎಂದೆ.

“ಹೌದಾ! ಮತ್ತ ಖರೆ ಏನು, ಹೇಳು?”

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಪರ ಕೊಡಿ, ವಿರೋಧ ಕೊಡಿ, ಎದುರಿನವರ ಬಾಯಿ ಮುಚ್ಚಿಸಿಯೇ ಇಳಿಯುತ್ತಿದ್ದೆ. ಅಂಥವಳ ಮುಂದೆ ವೇದಿಕೆ ಇತ್ತು, ಕೇಳುವವರಿದ್ದರು, ಪುರಾವೆ ನನ್ನ ಹತ್ತಿರವೇ ಇತ್ತು. ನಾನು ಹೇಳಿದ್ದು ಇಷ್ಟೇ: “ನೀವು ಹೇಳಿದ್ದೇ ಖರೆ ಅಕ್ಕ.” ಅವಳು ಸಮಾಧಾನದಿಂದ ಮುಂದೆ ತಿರುಗಿದಳು. ಕಿಟಕಿಯಿಂದ ಹಸಿ ಎರೆಮಣ್ಣಿನ ವಾಸನೆ ಬಂತು. ಯಾರೋ ರಸ್ತೆಯ ಪಕ್ಕದ ಹೊಲಕ್ಕೆ ನೀರು ಹಾಯಿಸುತ್ತಿದ್ದರು. ಮಳೆಗೆ ನೆನೆದ ಎರೆಯ ವಾಸನೆ ಬೇರೆ. ಚಳಿಯ ಬಿಸಿಲಲ್ಲಿ, ಬಿರಿದ ನೆಲಕ್ಕೆ ಕಾಲುವೆ ನೀರು ಹೊಕ್ಕಾಗ ಏಳುವ ವಾಸನೆ ಬೇರೆ. ಎರಡನೆಯದು ಮೂಗಿಗೆ ಬಡಿದರೆ ನನಗೆ ಈಗಲೂ ಆ ಹೊಲ ನೆನಪಾಗುತ್ತದೆ.

ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಕಾರಣ ಓದುತ್ತ ತಿಳಿಯುತ್ತದೆ.

ಕೃಷಿ ಪದವಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಹಿಂಗಾರಿನದು. ಕಾಲುವೆಯ ತುದಿಗಿರುವ ಊರಲ್ಲಿ, ನೀರು ಮುಟ್ಟಿದರೆ ಮುಟ್ಟಿತು ಇಲ್ಲದಿದ್ದರೆ ಇಲ್ಲ ಎನ್ನುವ ಹೊಲದಲ್ಲಿ, ಕಡಿಮೆ ನೀರಿಗೆ ಗೋಧಿ ಬೆಳೆದು ತೋರಿಸಬೇಕು. ಸಗರದ ನಮ್ಮ ಮನೆಯಿಂದ ಹಾಸಿಗೆ ಸುತ್ತಿಕೊಂಡು ಹೋದೆ. ಇಳಿದುಕೊಂಡದ್ದು ಶಾಂತವ್ವನ ಮನೆಯಲ್ಲಿ. ನಿಂಗಪ್ಪ ಅವಳ ಗಂಡ. ಅದೇ ಮಳೆಗಾಲದಲ್ಲಿ, ಕಾಲುವೆ ಗೇಟಿಗೆ ಸಿಕ್ಕಿಕೊಂಡ ಜೇಕು ಹುಲ್ಲು ತೆಗೆಯಲು ಇಳಿದು, ಕಾಲು ಜಾರಿ ಹೋಗಿದ್ದ. ಮನೆಯಲ್ಲಿ ಉಳಿದವರು ಶಾಂತವ್ವ ಮತ್ತು ಅತ್ತೆ ಕಲ್ಲವ್ವ, ಇಬ್ಬರೇ.

ಕಲ್ಲವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲೋಕವನ್ನೆಲ್ಲ ಕೈಯಿಂದ ನೋಡುತ್ತಿದ್ದಳು. ನಾನು ಹೋದ ದಿನ ಹತ್ತಿರ ಕೂರಿಸಿಕೊಂಡು ಮೂಗು, ಗಲ್ಲ, ಕಿವಿಯ ಓಲೆ ಎಲ್ಲ ಮುಟ್ಟಿ ನೋಡಿ, “ಮೈಯಾಗ ಏನಿಲ್ಲ, ಬರೇ ಬಾಯಿ ಅದ ಈ ಹುಡಿಗಿಗಿ” ಎಂದಳು. ನನ್ನ ಕೆಲಸವೇನೆಂದು ವಿವರಿಸಿದಾಗ ಕೇಳಿದ್ದು ಒಂದೇ: “ಗೋಧಿಗಿ ಉಪವಾಸ ಕಲಿಸಾಕ ಬಂದಿ ಏನವಾ?”

ಅವಳ ಲೆಕ್ಕದಲ್ಲಿ ಮಗ ಇನ್ನೂ ಪೂರ್ತಿ ಹೋಗಿರಲಿಲ್ಲ. ದಿನಾ ಅವನ ಪಾಲಿನ ಒಂದು ರೊಟ್ಟಿ ಹೆಚ್ಚು ತಟ್ಟುತ್ತಿದ್ದಳು. ಅದನ್ನು ಬುಟ್ಟಿಯ ತಳದಲ್ಲಿ ಮುಚ್ಚಿಡುತ್ತಿದ್ದಳು. ಹೊತ್ತು ಮುಳುಗುವಾಗ ಮನೆಯ ಹಿಂದಿನ ಕಾಲುವೆಯಲ್ಲಿ ನೀರಿನ ಸದ್ದು ಒಂಚೂರು ಬದಲಾದರೆ ಸಾಕು, “ನಿಂಗ್ಯಾ ಬಂದ್ನೇನ ನೋಡ” ಎನ್ನುತ್ತಿದ್ದಳು. ಶಾಂತವ್ವ ಕೈಕೆಲಸ ಮುಂದುವರಿಸುವಳು. ನಾನು ಮೊದಮೊದಲು ಉತ್ತರ ಕೊಟ್ಟೆ: “ಆಯಿ, ಮ್ಯಾಲ ಯಾರೋ ಗೇಟ್ ಇಳಿಸ್ಯಾರ, ಅದಕ್ಕ ಸಪ್ಪಳ ಕಡಿಮಿ ಆಗೇದ.” ಕಲ್ಲವ್ವ ತಲೆಯಾಡಿಸಿ, “ಹ್ಞೂಂ, ಅಂವನೇ ಇಳಿಸ್ತಿದ್ದ” ಎನ್ನುವಳು. ವಾದಕ್ಕೆ ಸಿಗದ ಎದುರಾಳಿ.

ಮನೆಯ ನಿಜವಾದ ಭಯ ಬೇರೆ ಇತ್ತು. ಅದರ ಹೆಸರು ಸಿದ್ರಾಮಪ್ಪ, ಕಲ್ಲವ್ವನ ಹಿರಿಮಗ, ಶಾಂತವ್ವನ ಭಾವ. ಪಹಣಿ ಇನ್ನೂ ಸತ್ತ ಮಾವನ ಹೆಸರಲ್ಲಿತ್ತು, ಬಾಯಿಮಾತಿನ ಪಾಲು ಆಗಿತ್ತು ಅಷ್ಟೇ. ನಾನು ಹೊಲದಲ್ಲಿ ಗೂಟ ನೆಡುತ್ತಿದ್ದಾಗ ಅವನು ಬದುವಿನ ಮೇಲೆ ನಿಂತು ನನಗೇ ಹೇಳಿದ, ಶಾಂತವ್ವನಿಗೆ ಕೇಳಿಸುವಷ್ಟು ಜೋರಾಗಿ.

“ನೋಡ್ರಿ ಮೇಡಂ, ಹೆಣ್ಮಗಳು ಒಂಟಿ ಆಗ್ಯಾಳಂತ ಈ ಹಿಂಗಾರಿ ಆಕಿ ಕೈಯಾಗ ಬಿಟ್ಟೀನಿ. ಬೆಳದ್ಳಂದ್ರ ಆಕೀದು. ಜೊಳ್ಳು ಬಂತಂದ್ರ ರಾಶಿ ಮರುದಿನ ನನ್ನ ನೇಗಿಲ ಇಳೀತದ. ಊರ ಮಂದ್ಯಾಗ ಹೇಳೀನಿ, ಮುಚ್ಚುಮರಿ ಇಲ್ಲ.”

“ನಿಮ್ಮ ಹೊಲದಾಗ ಜೊಳ್ಳು ಬಂದ್ರ ಯಾರಿಗಿ ಬಿಡ್ತೀರಿ?” ಎಂದೆ.

ಅವನು ನಕ್ಕ. “ಬಾಯಿ ಚೊಲೊ ಅದ. ಬಾಯಿಗಿ ನೀರ ಬೇಕಾಗಂಗಿಲ್ಲ, ಗೋಧಿಗಿ ಬೇಕಾಗ್ತದ.”

ಹೊಲ ಹೋದರೆ ಶಾಂತವ್ವನಿಗೆ ಉಳಿಯುವುದು ಎರಡು ದಾರಿ: ಅಣ್ಣಂದಿರ ಮನೆಯ ಮೂಲೆ, ಇಲ್ಲವೇ ತನ್ನದೇ ಹೊಲಕ್ಕೆ ಕೂಲಿ. ಎರಡನ್ನೂ ಅವಳು ಒಲೆಯ ಮುಂದೆ ಒಮ್ಮೆ, ಕಟ್ಟಿಗೆ ಸರಿಸುತ್ತ, ಪಲ್ಯಕ್ಕೆ ಉಪ್ಪು ಕಡಿಮೆಯಾಯಿತು ಎನ್ನುವ ದನಿಯಲ್ಲಿ ಹೇಳಿದ್ದಳು.

ಹಾಗಾಗಿ ನಮ್ಮಿಬ್ಬರಿಗೂ ಆ ಗೋಧಿ ಪ್ರಯೋಗವಾಗಿ ಉಳಿಯಲಿಲ್ಲ. ಬೀಜ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದೆವು, ಇರುವ ತೇವದಲ್ಲೇ ಜಲ್ದಿ ಮೊಳೆಯಲಿ ಎಂದು. ಸಾಲುಗಳ ನಡುವೆ ತೊಗರಿ ಹೊಟ್ಟು ಹಾಸಿದೆವು. ಎರೆಮಣ್ಣು ತನ್ನ ನೀರನ್ನು ಕಳೆದುಕೊಳ್ಳುವುದು ಬಿರುಕುಗಳಿಂದ. ಅವು ಬಾಯಿ ತೆರೆಯುವ ಹೊತ್ತಿಗೆ ಎಡೆಕುಂಟೆ ಹೊಡೆದು ಮುಚ್ಚಿದೆವು. ಬೇರೆಯವರು ಐದಾರು ಸಲ ನೀರು ಕುಡಿಸುವ ಬೆಳೆಗೆ ನಮ್ಮಲ್ಲಿ ಎರಡೇ ಸಲ: ಬೇರು ಒಡೆಯುವಾಗ ಒಂದು, ಹೊಡೆಯೊಳಗಿನ ತೆನೆ ಹೊರಗೆ ಬರುವಾಗ ಇನ್ನೊಂದು. ಮೊದಲನೆಯದು ಹೇಗೋ ಸಿಕ್ಕಿತು. ಎರಡನೆಯದು ತಪ್ಪಿದರೆ ಗಿಡ ಸಾಯುವುದಿಲ್ಲ, ಅದೇ ಕ್ರೂರ. ತೆನೆ ಬರುತ್ತದೆ, ಮೀಸೆ ಬರುತ್ತದೆ, ಗಾಳಿಗೆ ಚೆಂದವಾಗಿ ಬಾಗುತ್ತದೆ. ಅಂಗೈಯಲ್ಲಿ ತಿಕ್ಕಿ ಊದಿದರೆ ಎಲ್ಲಾ ಹಾರಿಹೋಗುತ್ತದೆ.

ಆ ಎರಡನೆಯ ನೀರಿಗಾಗಿ ನಾನು ದಿನಾ ಜಗಳ ಆಡಿದ್ದು ಮಾನಪ್ಪನ ಜೊತೆ. ನಿಂಗಪ್ಪನ ಜೋಡಿ ಕೆಲಸ ಮಾಡುತ್ತಿದ್ದವನು. ಅವನು ಸತ್ತ ಮೇಲೆ ನೀರಗಂಟಿಕೆ ಇವನ ಮೇಲೆ ಬಂತು. ಕೇರಿಯವನು. ಬಂದರೆ ಅಂಗಳದ ಕಲ್ಲಿನಾಚೆ ನಿಲ್ಲುತ್ತಿದ್ದ. ಕಲ್ಲವ್ವ ಒಳಗಿನಿಂದಲೇ ಕೇಳುವಳು.

“ಯಾರದು?”

“ನಾನ್ರೀ ಯಮ್ಮಾ, ಮಾನಪ್ಪ.”

“ನೀರು?”

“ಬರ್ತದ್ರಿ.”

ಈ ‘ಬರ್ತದ್ರಿ’ ಕೇಳಿ ನನಗೆ ಮೈಯೆಲ್ಲ ಉರಿ. ಮೇಲಿನ ಊರುಗಳವರು ಭತ್ತಕ್ಕೆ ಹಗಲು ರಾತ್ರಿ ನೀರು ಎಳೆಯುತ್ತಿದ್ದರು. ನಮ್ಮ ಊರಲ್ಲೇ ಮುಂದಿನ ಹೊಲದವರು ಪಾಳಿ ಮೀರಿ ಒಡ್ಡು ತೆಗೆಯುತ್ತಿದ್ದರು. ತುದಿಗೆ ಬರುವಷ್ಟರಲ್ಲಿ ಕಾಲುವೆಯ ತಳ ಒಣಗಿ ಹೆಕ್ಕಳಿಕೆ ಎದ್ದಿರುತ್ತಿತ್ತು. “ನೀ ನೀರಗಂಟಿ ಹೌದೋ ಅಲ್ಲೋ? ಅವರಿಗಿ ಹೇಳಾಕ ಏನಾಗ್ತದ?” ಎಂದು ಒಮ್ಮೆ ಜೋರು ಮಾಡಿದೆ. ಅವನು ನನ್ನನ್ನು ದಿಟ್ಟಿಸಿ, “ನಾ ಹೇಳಿದ್ರ ಕೇಳ್ತಾರೇನ್ರಿ?” ಎಂದ. ಚರ್ಚೆಯಲ್ಲಿ ಇಂಥ ಮರುಪ್ರಶ್ನೆಗೆ ಅಂಕ ಕೊಡುತ್ತಾರೆ. ನಾನು ಅವನಿಗೆ ಚಹಾ ತರಲು ಒಳಗೆ ಹೋದೆ. ಅವನ ಲೋಟ ಹೊರಗೆ, ಗೋಡೆಯ ಗೂಡಿನಲ್ಲಿತ್ತು. ನಾನು ಬೇಕೆಂದೇ ಒಳಗಿನ ಲೋಟದಲ್ಲಿ ತಂದೆ. ಅವನು ಕೈ ಚಾಚಲಿಲ್ಲ.

“ನೀವು ಸುಗ್ಗಿ ಆದ ಮ್ಯಾಲ ಹೋಗ್ತೀರಿ ಮೇಡಮ್ರಿ. ನಾ ಇಲ್ಲೇ ಇರಾಂವ.”

ಹೊಡೆ ತುಂಬುವ ಹೊತ್ತಿಗೆ ಅವನೇ ಸುದ್ದಿ ತಂದ. ಕಾಲುವೆಗೆ ನೀರು ಬಿಡುತ್ತಾರೆ, ತುದಿಗೆ ಮುಟ್ಟುವುದು ಎಳ್ಳಮಾಸಿ ದಿನ ಹೊತ್ತು ಇಳಿಯುವಾಗ. ಮರುದಿನ ಬಂದ್. ಆಮೇಲೆ ಗೋಧಿಗೆ ನೀರು ಬೇಕಾದ ಕಾಲವೇ ಮುಗಿದಿರುತ್ತದೆ.

“ಅದ್ಹ್ಯಾಂಗ ಈ ಸಲ ತುದಿ ತನಕ ಬರ್ತದ?” ಎಂದೆ.

“ಎಳ್ಳಮಾಸಿ ಅಲ್ಲೇನ್ರಿ. ಅವತ್ತು ಮ್ಯಾಲಿನವ್ರು ಒಡ್ಡು ತಗ್ಯಂಗಿಲ್ಲ. ಯಾರೂ ತಗ್ಯಂಗಿಲ್ಲ. ಸೀದಾ ಬರ್ತದ, ಸೀದಾ ಹಳ್ಳಕ್ಕ ಹೋಗ್ತದ.”

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹೊಲಕ್ಕೆ ಎಡೆ ಚೆಲ್ಲುವ ಚರಗದ ಹಬ್ಬ. ಹಿಂಗಾರಿ ಬೆಳೆ ಬಸುರಾಗಿರುತ್ತದೆ, ಭೂಮಿಗೆ ಸೀಮಂತ. ಇದು ನಮ್ಮ ಕಡೆ ಎಲ್ಲ ಊರಲ್ಲೂ ಇದೆ. ಆದರೆ ಆ ಊರಿನವರದು ಇನ್ನೊಂದು ಕಟ್ಟು: ಅವತ್ತು ಹೊಲಕ್ಕೆ ಕಬ್ಬಿಣ ಮುಟ್ಟಿಸಬಾರದು, ಒಡ್ಡು ತೆಗೆಯಬಾರದು, ಚರಗ ಚೆಲ್ಲಿದ ಮೇಲೆ ಹೊತ್ತು ಮುಳುಗುವ ಮುಂಚೆ ಹೊಲ ಬಿಡಬೇಕು, ಬಿಡುವಾಗ ಹಿಂದೆ ತಿರುಗಿ ನೋಡಬಾರದು. ವರ್ಷವೆಲ್ಲ ಒಬ್ಬರ ನೀರನ್ನೊಬ್ಬರು ಕದಿಯುವ ಜನ ಅದೊಂದು ದಿನ ಕದಿಯುವುದಿಲ್ಲ. ಹಾಗಾಗಿ ನೀರು ತುದಿಯ ಹೊಲಕ್ಕೆ ಬರುವ ದಿನ ಯಾವುದೋ, ತುದಿಯ ಹೊಲದವಳು ಅದನ್ನು ಮುಟ್ಟಬಾರದ ದಿನವೂ ಅದೇ.

ಅವತ್ತು ಸಂಜೆ ಒಲೆಯ ಮುಂದೆ ನಾನು ವಾದ ಹೂಡಿದೆ. “ಅಕ್ಕ, ಹಿಂದಿನ ದಿನಾನೇ ಒಡ್ಡು ಕಡಿದಿಡೋಣ. ಎಳ್ಳಮಾಸಿಗಿ ಕಬ್ಬಿಣ ಮುಟ್ಟಿಸಿದಂಗ ಆಗಂಗಿಲ್ಲ. ನೀರು ತಾನೇ ಬರ್ತದ.”

“ಕಡಿದ ಒಡ್ಡು ಭಾವನ ಕಣ್ಣಿಗಿ ಬೀಳಂಗಿಲ್ಲೇನು?”

“ಬೀಳಲಿ. ಬೆಳಿ ಬಂದ್ರ ಸಾಕಲ್ಲ?”

“ಬಂದ್ರ ಸೈ. ಬರ್ಲಿಲ್ಲಂದ್ರ? ಗಂಡ ಸತ್ತಾಕಿ ಬಸುರಿ ಹೊಲ ಮುಟ್ಟಿ ಕೆಡಿಸಿದ್ಳು ಅಂತಾರ. ನನ್ನ ಹೊಲ ಅಷ್ಟೇ ಅಲ್ಲ, ಊರಾಗ ಯಾರ ಹೊಲ ಕೆಟ್ಟರೂ ನನ್ನ ತಲಿಮ್ಯಾಲ ಬರ್ತದ. ನೀ ಓದಿದಾಕಿ ತಂಗಿ, ಒಂದು ಹೇಳು. ಉಡಿ ತುಂಬಿಸಿಕೊಂಡು ಕುಂತ ಬಸುರಿ ಮೈಮ್ಯಾಲ ಯಾರರ ಕೊಡ ನೀರ ಸುರೀತಾರೇನು?”

“ಗಿಡ ಬ್ಯಾರೆ, ಹೆಂಗಸು ಬ್ಯಾರೆ ಅಕ್ಕ.”

“ಭಾವಗ ಬ್ಯಾರೆ ಇಲ್ಲ” ಎಂದಳು. “ಎರಡೂ ಅವನ ಮನಿತನದ್ದೇ.”

ಕಲ್ಲವ್ವ ಕೇಳಿಸಿಕೊಳ್ಳುತ್ತ ರೊಟ್ಟಿ ತಟ್ಟುತ್ತಿದ್ದಳು. ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಎಳ್ಳಮಾಸಿ ದಿನ ಬಂಡಿ ಕಟ್ಟಿಕೊಂಡು ಹೋದೆವು. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಎಲ್ಲ ಕಾಳು ಸೊಪ್ಪು ಸೇರಿಸಿದ ಭಜ್ಜಿ. ಸಿದ್ರಾಮಪ್ಪನ ಮನೆಯವರೂ ಬಂದಿದ್ದರು, ತಮ್ಮ ಹೊಲ ಬಿಟ್ಟು ಇಲ್ಲಿಗೇ. ಚರಗ ಚೆಲ್ಲಲು ಶಾಂತವ್ವ ಮುಂದೆ ಹೋಗುವಂತಿರಲಿಲ್ಲ. ಸಿದ್ರಾಮಪ್ಪ ಬುಟ್ಟಿ ಹೊತ್ತು, “ಹುಲ್ಲುಲ್ಲಿಗೋ” ಎಂದು ಕೂಗುತ್ತ ಗೋಧಿಯೊಳಗೆ ಚೆಲ್ಲುತ್ತ ಹೋದ. ಆ ನಡಿಗೆಯಲ್ಲೇ ಹೊಲ ಆಗಲೇ ಅವನದಾಗಿತ್ತು. ಊಟಕ್ಕೆ ಕೂತಾಗ ಒಂದು ಹೊಡೆ ಕಿತ್ತು ಬಿಡಿಸಿ ನೋಡಿ ನನ್ನ ಮುಂದೆ ಹಿಡಿದ. “ಏನ್ರಿ ಮೇಡಂ, ಇದು ಹಡೀತದೋ ಇಲ್ಲೋ?”

“ನೀರು ಸಿಕ್ರ ಹಡೀತದ.”

“ಸಿಗ್ಲಿಲ್ಲಂದ್ರ?”

ಶಾಂತವ್ವ ಅವನ ಎಲೆಗೆ ಇನ್ನೊಂದು ಕಡಬು ಹಾಕಿದಳು.

ಹೊತ್ತು ಇಳಿಯಿತು. ನೀರು ಬಂತು. ಅಷ್ಟು ದಿನ ಒಣಗಿ ಬಿದ್ದಿದ್ದ ಕಾಲುವೆಯಲ್ಲಿ ಕಸ, ಎಲೆ, ನೊರೆ ತಳ್ಳಿಕೊಂಡು, ಒಂದು ಸಣ್ಣ ಉಸಿರಿನ ಸದ್ದು ಮಾಡುತ್ತ ಬಂತು. ನಮ್ಮ ಒಡ್ಡನ್ನು ಸವರಿಕೊಂಡು ಹಳ್ಳದ ಕಡೆ ಹೊರಟಿತು. ಎಲ್ಲರೂ ನೋಡಿದರು. ಇತ್ತ ಹೊಲದ ಬಿರುಕು, ಅತ್ತ ಹರಿಯುವ ನೀರು, ನಡುವೆ ಒಂದು ಮೊಳದ ಒಡ್ಡು. ನನ್ನ ಕಾಲು ಆ ಕಡೆ ಎಳೆಯಿತು. ಶಾಂತವ್ವ ನನ್ನ ಮುಂಗೈ ಹಿಡಿದಳು. “ಬ್ಯಾಡ. ನಿನ್ನ ಕಾಲ ಬೀಳ್ತೀನಿ.”

ಬಂಡಿ ಹೊರಟಿತು. ಎಲ್ಲರೂ ಮುಂದೆ ನೋಡುತ್ತಿದ್ದರು. ನಾನು ತಿರುಗಿ ನೋಡಿದೆ. ಹೊಲದಲ್ಲಿ ಯಾರೂ ಇರಲಿಲ್ಲ. ಗಾಳಿ ಇರಲಿಲ್ಲ. ಒಡ್ಡಿನ ಹತ್ತಿರ ಒಂದೇ ಕಡೆ, ಒಬ್ಬ ಮನುಷ್ಯನ ಅಗಲದಷ್ಟು, ಗೋಧಿ ಅಲ್ಲಾಡುತ್ತಿತ್ತು. ನಾಯಿ ಇರಬಹುದು, ಕಾಡುಹಂದಿ ಇರಬಹುದು ಎಂದು ಆಗಲೇ ನನ್ನೊಳಗೆ ವಾದ ಶುರು ಮಾಡಿದೆ. ಆ ವಾದದಲ್ಲಿ ನಾನು ಗೆದ್ದೆನೋ ಇಲ್ಲವೋ, ಇವತ್ತಿಗೂ ತಿಳಿಯದು.

ಮರುದಿನ ಬೆಳಗ್ಗೆ ಸಿದ್ರಾಮಪ್ಪನ ಕೂಗಿಗೇ ಎಚ್ಚರವಾದದ್ದು. ಓಡಿಹೋಗಿ ನೋಡಿದರೆ ಹೊಲ ಪೂರ್ತಿ ಕಪ್ಪಗೆ ಹೊಳೆಯುತ್ತಿತ್ತು. ಒಂದು ಮಡಿಯೂ ಬಿಟ್ಟಿಲ್ಲ. ಬಿರುಕುಗಳೆಲ್ಲ ಬಾಯಿ ಮುಚ್ಚಿದ್ದವು. ಗೋಧಿ ಬುಡದವರೆಗೆ ನೀರಲ್ಲಿ ನಿಂತಿತ್ತು. ಒಡ್ಡನ್ನು ಮತ್ತೆ ಮಣ್ಣು, ಹುಲ್ಲು ತುಂಬಿ ಮುಚ್ಚಲಾಗಿತ್ತು. ಹೆಜ್ಜೆ ಗುರುತನ್ನೆಲ್ಲ ನೀರು ನುಂಗಿತ್ತು.

“ಯಾಂವ ಇಟ್ಟಾನ ಸಲಿಕಿ?” ಸಿದ್ರಾಮಪ್ಪ ಒದರುತ್ತಿದ್ದ. ಮಂದಿ ಸೇರಿತ್ತು. “ಬಸುರಿ ಹೊಲಕ್ಕ ಕಾಲ ಇಟ್ಟಾಂವ ಯಾಂವ? ಅವನ ಕಾಲ ಮುರೀತೀನಿ. ಶಾಂತವ್ವಾ, ನೀ ಏನು?”

“ನಾ ಅಲ್ಲ ಭಾವ. ಮನಿ ಬಿಟ್ಟು ಕದಲಿಲ್ಲ.”

ಅವನು ನನ್ನ ಕಡೆ ತಿರುಗಿದ. “ನೀವೇನ್ರಿ? ಇಲ್ಲಾ, ಆ ಮಾನ್ಯಾಗ ಹೇಳಿ ಮಾಡಿಸೀರಿ?”

ಆ ಹೆಸರು ಬಂದಾಗ ಮಂದಿಯಲ್ಲಿ ಒಂದು ಗುಜುಗುಜು ಎದ್ದಿತು. ಆ ಗುಜುಗುಜು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತಿಳಿಯಲು ಚರ್ಚಾಸ್ಪರ್ಧೆಯ ಅಭ್ಯಾಸ ಬೇಕಿರಲಿಲ್ಲ. ಕೇರಿಯ ಮನುಷ್ಯ, ಅಮಾಸಿ ದಿನ, ಸೀಮಂತದ ಹೊಲ. ಅವನಿಗೆ ಏಟು, ಹೊಲ ಮೈಲಿಗೆಯಾಯಿತೆಂದು ಶಾಂತವ್ವನಿಗೆ ಹೊರಗಿನ ದಾರಿ. ನಾನು ಬಾಯಿ ತೆರೆದೆ. ಏನು ಹೇಳಲು ಎಂದು ಈಗ ನೆನಪಿಲ್ಲ.

ಅಷ್ಟರಲ್ಲಿ ಕಲ್ಲವ್ವ ಬಂದಳು. ಅಷ್ಟು ದೂರ ಯಾರ ಕೈ ಹಿಡಿದು ಬಂದಳೋ, ಬದುವಿನ ಮೇಲೆ ಕೋಲೂರಿ ನಿಂತಿದ್ದಳು. “ನನಗ ಒಡ್ಡಿನ ಹಂತ್ಯಾಕ ಒಯ್ಯಿರಿ” ಎಂದಳು. ಒಯ್ದು ಕೂರಿಸಿದೆ. ಅವಳು ಹಸಿ ಮಣ್ಣಿನ ಮೇಲೆ ಅಂಗೈ ಆಡಿಸಿದಳು.

“ಇಲ್ಲಿ ಸಲಿಕಿ ಬಿದ್ದಿಲ್ಲ. ಕೈಲೆ ಬಗದಾರ.”

ನಿಜವಿತ್ತು. ಒಡ್ಡಿನ ಎರಡೂ ಬದಿ, ತೆಗೆದು ಮುಚ್ಚಿದ ಬಾಯಿಯ ಆಚೀಚೆ, ಬೆರಳ ಗೀರುಗಳು ಆಳವಾಗಿ ಮೂಡಿದ್ದವು, ಎರಡೂ ಕೈಯ ಐದೈದು. ಕಲ್ಲವ್ವ ತನ್ನ ಬೆರಳುಗಳನ್ನು ಒಂದೊಂದಾಗಿ ಆ ಗೀರುಗಳೊಳಗೆ ಇಟ್ಟಳು. ತುದಿಯವರೆಗೆ ಸರಿಸಿದಳು. ಮೊದಲು ಎಡಗೈ ಗುರುತು, ಆಮೇಲೆ ಬಲಗೈದು. ಬಲಗೈ ಗುರುತಿನಲ್ಲಿ ಅವಳ ಬೆರಳು ಬಹಳ ಹೊತ್ತು ನಿಂತಿತು. ಮಂದಿ ಸುತ್ತ ನಿಂತು ನೋಡುತ್ತಿತ್ತು. ಅವಳು ಮುಖ ಎತ್ತಿದ್ದು ಸಿದ್ರಾಮಪ್ಪನ ದನಿ ಇದ್ದ ಕಡೆ.

“ನಿಂಗ್ಯಾ ಬಂದಿದ್ದ” ಎಂದಳು. “ನನ್ನ ಮಗ ಬಂದಿದ್ದ.”

ಸಿದ್ರಾಮಪ್ಪ ಕಾಲಿನ ಚಪ್ಪಲಿ ಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ನಾನೊಬ್ಬಳೇ ಚಪ್ಪಲಿ ಹಾಕಿಕೊಂಡು, ಜಗತ್ತಿನಲ್ಲಿ ಉಳಿದ ಕೊನೆಯ ವಿರೋಧ ಪಕ್ಷದಂತೆ, ಕೆಸರಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ನಾನೂ ಬಿಟ್ಟೆ. ನಂಬಿದ್ದಕ್ಕಲ್ಲ. ಬಿಡದೆ ಇದ್ದರೆ ಏನಾಗುತ್ತದೆ ಎಂಬುದು ಹೊಳೆದದ್ದಕ್ಕೆ.

ಮಾನಪ್ಪ ಕೆಲವು ದಿನ ಈ ಕಡೆ ಸುಳಿಯಲಿಲ್ಲ. ನಾನೇ ಹುಡುಕಿಕೊಂಡು ಕಾಲುವೆ ಏರಿಯ ಮೇಲೆ ಹೋದೆ. ಗೇಟಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಕಡ್ಡಿ ಗೀರಲು ಆಗುತ್ತಿರಲಿಲ್ಲ. ಬೆರಳ ತುದಿಗಳಿಗೆ ಬಟ್ಟೆ ಸುತ್ತಿತ್ತು, ಸುತ್ತದ ಬೆರಳಿನ ಉಗುರು ಬುಡದಿಂದ ಎದ್ದಿತ್ತು. ನಾನು ಕಡ್ಡಿ ಗೀರಿ ಹಿಡಿದೆ.

“ಮಾನಪ್ಪಣ್ಣ, ಇದು ಹ್ಯಾಂಗಾತು?”

“ಕಲ್ಲು ಎತ್ತಾಕ ಹೋಗಿದ್ದೆ.”

“ಸುಳ್ಳು.”

“ಹೌದ್ರಿ, ಸುಳ್ಳು” ಎಂದ. ಇಷ್ಟು ಸಲೀಸಾಗಿ ಒಪ್ಪಿದವನ ಜೊತೆ ಮುಂದೆ ಏನು ವಾದ ಮಾಡುವುದು? ಹೊಗೆ ಬಿಟ್ಟು ತಾನೇ ಮಾತಾಡಿದ. “ನಿಂಗಪ್ಪಣ್ಣ ಪ್ರತಿ ಎಳ್ಳಮಾಸಿಗಿ ಇಲ್ಲೇ ಕುಂತು ನೋಡಾಂವ್ರಿ, ನೀರು ಹಳ್ಳಕ್ಕ ಹೋಗೂದನ್ನ. ಹೊಟ್ಟಿ ಉರಕೊಳ್ಳಾಂವ. ಒಂದು ವರ್ಷರ ಇದನ್ನ ಹೊಲಕ್ಕ ತಿರುವಬೇಕೋ ಮಾನ್ಯಾ ಅಂತಿದ್ದ. ತನ್ನ ಕೈಲೆ ಮಾತ್ರ ಆಗಲಿಲ್ಲ. ಅಣ್ಣನ ಅಂಜಿಕಿ.”

“ನೀನೇ ತಿರುವಿದ್ದು ಅಂತ ಹೇಳು. ಶಾಂತಕ್ಕಗರ ಹೇಳು.”

“ತಾಯಿ ತನ್ನ ಮಗ ಬಂದಿದ್ದ ಅಂದ್ಮ್ಯಾಲ, ನಾ ಬಂದಿದ್ದೆ ಅಂತ ಹ್ಯಾಂಗ ಅನ್ನಲ್ರಿ?”

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಯಾದಗಿರಿಯಿಂದ ನನ್ನ ಮೇಲಿನವರು ಫೋನು ಮಾಡಿ, ಎರಡನೆಯ ನೀರು ಹೇಗೆ ಸಿಕ್ಕಿತು, ಯಾರು ಬಿಟ್ಟರು ಎಂದಾಗ “ಕಾಲುವೆ ನೀರು ಸರ್” ಎಂದೆ. “ಅದು ಗೊತ್ತು, ಬಿಟ್ಟವರು ಯಾರು?” ಎಂದರು. “ಮನೆಯವರೇ ಸರ್” ಎಂದೆ. ಅದರಲ್ಲಿ ಎಷ್ಟು ಪಾಲು ಸುಳ್ಳು ಎಂದು ಇನ್ನೂ ಅಳೆಯಲು ಆಗಿಲ್ಲ.

ಗೋಧಿ ಕಾಳು ಕಟ್ಟಿತು. ಹೊಟ್ಟು ಹಾಸಿದ ಭಾಗದಲ್ಲಿ ಗಟ್ಟಿಯಾಗಿ, ಹಾಸದ ಭಾಗದಲ್ಲಿ ಒಂದಿಷ್ಟು ಸಣ್ಣಗೆ. ರಾಶಿಯ ದಿನ ಸಿದ್ರಾಮಪ್ಪ ಕಣಕ್ಕೆ ಬಂದು ಒಂದು ಹಿಡಿ ಕಾಳು ಎತ್ತಿ ಹಣೆಗೆ ಮುಟ್ಟಿಸಿ ಕೆಳಗೆ ಬಿಟ್ಟ. ನೇಗಿಲಿನ ಮಾತು ಬರಲಿಲ್ಲ. “ತಮ್ಮ ತಾನೇ ಮಾಡ್ಕೊಂಡಾನ. ನಂದೇನದ ಇಲ್ಲಿ” ಎಂದ. ತಮ್ಮ ಬದುಕಿದ್ದಾಗ ಅವನ ಮಾತಿಗೆ ಸಿಗದ ಬೆಲೆ ಸತ್ತ ಮೇಲೆ ಸಿಕ್ಕಿತ್ತು. ಆ ಬೆಲೆಯ ಮೇಲೆ ಶಾಂತವ್ವನ ಹೊಲ ನಿಂತಿತ್ತು. ಕಥೆ ಸುಳ್ಳೆಂದು ನಾನು ಯಾವ ಕ್ಷಣದಲ್ಲಿ ಸಾಬೀತು ಮಾಡುತ್ತೇನೋ ಆ ಕ್ಷಣ ಅವಳ ಹೊಲ ಹೋಗುತ್ತಿತ್ತು, ಮಾನಪ್ಪನ ಕಾಲೂ. ನನ್ನ ಬದುಕಿನಲ್ಲಿ ನಾನು ಸೋಲಲೇಬೇಕೆಂದು ಸೋತ ಚರ್ಚೆ ಅದೊಂದೇ.

ಇನ್ನೊಂದು ಬದಲಾವಣೆ ನನಗೆ ಮಾತ್ರ ಕಂಡದ್ದು. ಎಳ್ಳಮಾಸಿಯ ಮರುದಿನದಿಂದ ಕಲ್ಲವ್ವ ಮಗನ ಪಾಲಿನ ಆ ಒಂದು ರೊಟ್ಟಿ ತಟ್ಟುವುದನ್ನು ಬಿಟ್ಟಳು. ಸಂಜೆ ನೀರಿನ ಸದ್ದು ಬದಲಾದರೂ ಕೇಳುವುದನ್ನು ಬಿಟ್ಟಳು. ಬಂದು ಹೋದ, ಸಮಾಧಾನ ಆಯಿತು ಎಂದು ಊರು ತಿಳಿಯಿತು. ನಾನೂ ಹಾಗೇ ತಿಳಿದು ಸಗರಕ್ಕೆ ವಾಪಸು ಬಂದೆ.

ಈ ಜನವರಿಯಲ್ಲಿ, ಆ ಬಸ್ಸು ಇಳಿದು, ಅವರ ಮನೆಗೆ ಹೋದೆ. ಸಿದ್ರಾಮಪ್ಪನೇ ಸುರಪುರಕ್ಕೆ ಹೋಗಿ ಸಹಿ ಹಾಕಿ, ಪಹಣಿ ಶಾಂತವ್ವನ ಹೆಸರಿಗೆ ಆಗಿದೆ. ಮಾನಪ್ಪ ಮಗಳ ಮದುವೆ ಮಾಡಿ, ಕೆಲಸ ಬಿಟ್ಟು, ಬೇರೆ ಊರಿಗೆ ಹೋಗಿದ್ದಾನೆ. ಅದಕ್ಕೇ ಇಷ್ಟಾದರೂ ಬರೆಯುತ್ತಿದ್ದೇನೆ.

ಪಡಸಾಲೆಯ ಗೋಡೆಗೆ ನಿಂಗಪ್ಪನ ಫೋಟೋ ಬಂದಿತ್ತು. ನಾನಿದ್ದಾಗ ಇರಲಿಲ್ಲ, ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಬಿಡಿಸಿ ದೊಡ್ಡದು ಮಾಡಿಸಿದ್ದು ಎಂದು ಶಾಂತವ್ವ ಹೇಳಿದಳು. ಅವನ ಮುಖ ನಾನು ನೋಡಿದ್ದು ಅದೇ ಮೊದಲು. ತಾಯಿಯ ಮೂಗು. ಎರಡೂ ಕೈ ಜೋಡಿಸಿ ನಿಂತಿದ್ದಾನೆ. ಜೋಡಿಸಿದ ಕೈಯಲ್ಲಿ ಏನೋ ಹೊಂದುತ್ತಿಲ್ಲ ಎನ್ನಿಸಿ ಹತ್ತಿರ ಹೋದೆ.

“ಅಕ್ಕ, ಬಲಗೈ ತೋರಬಟ್ಟು ಎಲ್ಲಿ?”

“ಅದಾ? ಸಣ್ಣಾಂವ ಇದ್ದಾಗೇ ಹೋಗೇದ” ಎಂದಳು. “ಗೇಟಿನ ಹಲ್ಲಿನ್ಯಾಗ ಸಿಕ್ಕು ಬುಡಮಟ ಹೋಗಿತ್ತಂತ. ಅತ್ತಿನೇ ಮದ್ದು ಕಟ್ಟಿ ಮಾಯಿಸ್ಯಾಳ. ನೀ ಕುಂದ್ರು, ಚಹಾ ತರ್ತೀನಿ.”

ನಾನು ಕೂರಲಿಲ್ಲ. ಅಂಗಳದ ಬಿಸಿಲಲ್ಲಿ ಕಲ್ಲವ್ವ ಗೋಡೆಗೆ ಆತು ಕೂತಿದ್ದಳು. ಕಣ್ಣು ಈಗ ಪೂರ್ತಿ ಬೆಳ್ಳಗಾಗಿತ್ತು. ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ನನ್ನ ಮುಖಕ್ಕೆ ಕೈ ಚಾಚಿದಳು, ಮೂಗು ಮುಟ್ಟಿದಳು, ಗಲ್ಲ ಮುಟ್ಟಿದಳು. “ಬಾಯಿ ಹುಡಿಗಿ” ಎಂದು ನಕ್ಕಳು. ಆ ಕೈಯನ್ನು ನಾನು ಹಿಡಿದುಕೊಂಡೆ. ಮಳೆಗಾಲದಿಂದ ಎಳ್ಳಮಾಸಿಯ ತನಕ ಸತ್ತಿಲ್ಲ ಎಂದು ಕಾದ ಮಗನನ್ನು, ಆ ಗೀರುಗಳಲ್ಲಿ ಬೆರಳಿಟ್ಟ ಕ್ಷಣದಲ್ಲಿ ಈ ಕೈ ಸತ್ತನೆಂದು ಒಪ್ಪಿಕೊಂಡಿತೋ? ಒಪ್ಪಿಕೊಂಡೇ, ಹಿರಿಮಗನ ಕಡೆ ಮುಖ ಮಾಡಿ, ಆ ಮಾತು ಹೇಳಿಸಿತೋ? ಗೋಡೆಯಾಚೆ ಶಾಂತವ್ವ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು. ದನಿ ತಗ್ಗಿಸಿದೆ.

“ಆಯಿ, ಅವತ್ತು ಒಡ್ಡಿನ ಮ್ಯಾಲೆ ಬಲಗೈ ಬಟ್ಟು ಐದೂ ಇದ್ವು. ಎಲ್ಲಾರೂ ಬರೇ ನೋಡಿದ್ರು, ಮುಟ್ಟಿದಾಕಿ ನೀ ಒಬ್ಬಾಕಿ. ಅಷ್ಟು ಮಂದ್ಯಾಗ ನೀ ಮಗ ಅಂದದ್ದು ಯಾರಿಗಿ?”